ನಾಲ್ಕರ ನೀರು

ಮುನಿಶಾಮಮ್ಮನ ಬಲಗೈ ತೋರುಬೆರಳು ನೀರಿಗಿಳಿಯುವವರೆಗೂ ಆ ಫಿಲೇಚರಿನಲ್ಲಿ ಯಾರೂ ಗೂಡು ಮುಟ್ಟುವ ಹಾಗಿರಲಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಇಂಥ ಮನೆಗಳು ಬೀದಿಬೀದಿಗೂ ಇವೆ, ಒಂದೊಂದರದು ಒಂದೊಂದು ಪದ್ಧತಿ. ವೇಣುಗೋಪಾಲನ ಫಿಲೇಚರಿನದು ಹೀಗೆ. ಬೆಳಗ್ಗೆ ಏಳಕ್ಕೆ ನಲ್ಲಪ್ಪ ಬಾಯ್ಲರಿನಿಂದ ಹಬೆ ಬಿಡುತ್ತಿದ್ದ. ಹದಿನಾಲ್ಕು ಜನ ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಂಡು ತಂತಮ್ಮ ಬೇಸಿನ್ ಮುಂದೆ ಕಾದು ಕೂತಿರುತ್ತಿದ್ದರು. ಮುನಿಶಾಮಮ್ಮ ಮೊದಲನೇ ಬೇಸಿನ್ನಿನ ನೀರಿಗೆ ಬೆರಳು ಇಳಿಬಿಟ್ಟು, ಕಣ್ಣು ಮುಚ್ಚಿ, ತನ್ನ ತಾಯಿ ಕಲಿಸಿದ ತೆಲುಗಿನಲ್ಲಿ ಎಣಿಸುತ್ತಿದ್ದಳು. “ಒಕಟಿ... ರೆಂಡು... ಮೂಡು... ನಾಲುಗು.” ನಾಲುಗು ಅನ್ನುವಾಗ ಬೆರಳು ಮೇಲೆದ್ದರೆ ನೀರು ಸರಿ. ಅದಕ್ಕಿಂತ ಮೊದಲೇ ಎದ್ದರೆ ಬಿಸಿ ಜಾಸ್ತಿ, ನಲ್ಲಿ ತಿರುವಿ ಹಬೆ ತಗ್ಗಿಸಬೇಕು. ಆರು ಎಣಿಸಿದರೂ ಏಳಲಿಲ್ಲವೋ, ನೀರು ತಣ್ಣಗಿದೆ. ಗೂಡಿನ ಅಂಟು ಬಿಡದೆ ಎಳೆಗಳು ಪಟಪಟ ಕಿತ್ತುಹೋಗುತ್ತವೆ. ಗೋಡೆಗೆ ಒಂದು ಥರ್ಮಾಮೀಟರು ನೇತುಹಾಕಿದ್ದರು ಒಮ್ಮೆ. ಅದು ಒಡೆದುಹೋದ ಮೇಲೆ ಇನ್ನೊಂದು ತರಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ.

ಎಣಿಕೆಗೆ ಒಂದು ಕಟ್ಟಳೆಯಿತ್ತು. ಬೆರಳನ್ನು ಎತ್ತಬಾರದು, ಅದೇ ಏಳಬೇಕು. “ನಾನು ಎತ್ತಿದ್ರೆ ಅದು ನನ್ ಮಾತು,” ಅನ್ನುತ್ತಿದ್ದಳು ಮುನಿಶಾಮಮ್ಮ, “ಅದೇ ಎದ್ರೆ ನೀರಿನ ಮಾತು.” ಮೂವತ್ತು ವರ್ಷದಿಂದ ಆ ಮನೆಯಲ್ಲಿ ನೀರಿನ ಮಾತಿಗೆ ಯಾರೂ ಎದುರಾಡಿದ್ದಿಲ್ಲ.

ಅವಳ ಒಬ್ಬಳೇ ಮಗಳು ಕಲ್ಯಾಣಿ. ಮಾತು ನಾಲಿಗೆಗೆ ಬರುವುದಕ್ಕೆ ಮೊದಲು ಡೈರಿಗೆ ಹೋಗಿ, ಬಹಳ ಸಲ ಅಲ್ಲೇ ಉಳಿದುಬಿಡುವಂಥ ಹುಡುಗಿ. ಎಮ್ಮೆಸ್ಸಿಯ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಉತ್ತರವೆಲ್ಲ ಗೊತ್ತಿದ್ದೂ ಅರ್ಧ ನಿಮಿಷ ಬಾಯಿ ಬಿಡಲಾರದೆ ನಿಂತಿದ್ದಳು. ಬರೆದಿದ್ದು ಚೆನ್ನಾಗಿದ್ದದ್ದರಿಂದ ಪಾಸಾದಳು. ಈಗ ವರ್ಷದಿಂದ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿ. ಏನು ಕೆಲಸ ಅಂತ ಊರಲ್ಲಿ ಕೇಳಿದರೆ “ಲ್ಯಾಬು” ಅನ್ನುವಳು, ಅಷ್ಟೇ. ಇಲಿಯ ಬಾಲವನ್ನು ಬಿಸಿನೀರಲ್ಲಿ ಅದ್ದಿ, ಅದು ಎಷ್ಟು ಸೆಕೆಂಡಿಗೆ ಬಾಲ ಎಳೆದುಕೊಳ್ಳುತ್ತದೆ ಅಂತ ಕೈಗಡಿಯಾರ ಹಿಡಿದು ಬರೆದುಕೊಳ್ಳುವುದು ತನ್ನ ಕೆಲಸ ಅಂತ ಹೇಳಲು ನಾಚಿಕೆ. ಇಷ್ಟು ಓದಿಸಿದ್ದು ಇದಕ್ಕಾ ಅಂದುಬಿಟ್ಟರೆ?

ಎರಡು ಸಾವಿರದ ಆರನೇ ಇಸವಿಯ ಮುಂಗಾರು ಅದು. ಚಿಕೂನ್‌ಗುನ್ಯಾ ಜ್ವರ ಊರೂರನ್ನೇ ಮಲಗಿಸುತ್ತಿತ್ತು. ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಆಸ್ಪತ್ರೆ ಜಗಲಿ ಮೇಲೆಲ್ಲ ಜನ. ಗಟ್ಟಿಮುಟ್ಟಾದ ಗಂಡಸರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಮುನಿಶಾಮಮ್ಮನಿಗೂ ಬಂತು. ಮೂರು ದಿನ ಮಲಗಿದಳು. ನಾಲ್ಕನೇ ದಿನ ಜ್ವರ ಇಳಿದ ಹಾಗೆ ಕಂಡದ್ದೇ, ಕೀಲುಗಳೆಲ್ಲ ಬೇರೆಯವರದ್ದು ಅನ್ನುವಂತೆ ನಡೆದು ಫಿಲೇಚರಿಗೆ ಹೋದಳು. ನೀರು ನೋಡುವವರು ಯಾರಿದ್ದಾರೆ, ಪಾಪ.

ಕಣ್ಣು ಮುಚ್ಚಿ ಬೆರಳು ಇಳಿಬಿಟ್ಟಳು. “ಒಕ—” ಅನ್ನುವಷ್ಟರಲ್ಲಿ ಬೆರಳು ಚಿಮ್ಮಿ ಮೇಲೆ ಬಂತು.

“ನಲ್ಲಪ್ಪ, ಕೊತಕೊತ ಅಂತಿದೆ ಕಣಪ್ಪ. ತಗ್ಗಿಸು.”

ತಗ್ಗಿಸಿದ. ಮತ್ತೆ ಒಕಟಿ. ಇನ್ನೂ ತಗ್ಗಿಸಿದ. ಹತ್ತು ಗಂಟೆ ಹೊತ್ತಿಗೆ ಹದಿನಾಲ್ಕು ಬೇಸಿನ್ನಿನಲ್ಲೂ ಎಳೆ ಕಿತ್ತು, ಹುಡುಕಿ, ಸೇರಿಸಿ, ಮತ್ತೆ ಕಿತ್ತು ಹೆಂಗಸರಿಗೆ ತಲೆ ಕೆಟ್ಟಿತ್ತು. ಎರಡನೇ ಬೇಸಿನ್ನಿನ ಅಮ್ಮಾಜಮ್ಮನ ಬಾಯಿ ಮೊದಲೇ ಹರಿತ. “ಏನ್ ಮುನಿಶಾಮಮ್ಮ, ಗೂಡಿಗೇನು ನೆಗಡಿ ಆಗಿದ್ಯಾ, ಹಿಂಗೆ ಉಗುರುಬೆಚ್ಚಗೆ ನೀರು ಹಾಕ್ತಿದ್ಯ?” ಅಂದಳು. ಎಲ್ಲರೂ ನಕ್ಕರು. ವೇಣುಗೋಪಾಲ ಬಂದು ಕೈ ಅದ್ದಿ ನೋಡಿ, “ಇದೇನಮ್ಮ, ಮಗೂಗೆ ಎರೆಯೋ ನೀರಿದ್ದಂಗಿದೆ!” ಅಂದ.

ಮಾರನೇ ದಿನವೂ ಹಾಗೇ ಆಯಿತು. ವೇಣುಗೋಪಾಲ ಕೆಟ್ಟವನಲ್ಲ, ಆದರೆ ಅವತ್ತು ಎಲ್ಲರೆದುರಿಗೆ ಅಂದುಬಿಟ್ಟ: “ಮುನಿಶಾಮಮ್ಮ, ಕೂರಕ್ಕಾಗಲ್ಲ ಅಂದ್ರೆ ಆಗಲ್ಲ ಅನ್ನಮ್ಮ. ನೀರಿನ ಮೇಲ್ಯಾಕೆ ಹೇಳ್ತೀಯ? ಸೋಮವಾರದಿಂದ ಅಮ್ಮಾಜಮ್ಮ ನೋಡ್ಲಿ ಬಿಡು ನೀರು.”

ಮೂರನೇ ದಿನ ಶನಿವಾರ. ಅವತ್ತು ಮುನಿಶಾಮಮ್ಮ ಮೂವತ್ತು ವರ್ಷದಲ್ಲಿ ಮಾಡದ್ದನ್ನು ಮಾಡಿದಳು. ಬೆರಳು ಏಳುತ್ತೇನೆಂದು ಒದ್ದಾಡುತ್ತಿದ್ದರೂ ಹಲ್ಲು ಕಚ್ಚಿ ಅದುಮಿ ಹಿಡಿದು ನಾಲ್ಕರವರೆಗೂ ಎಣಿಸಿದಳು. ಇಷ್ಟು ಸಾಲದೇನೋ, ಇನ್ನೂ ತಣ್ಣಗಿದೆಯೇನೋ ಅಂತ ಅನುಮಾನ ಬಂದು, “ಹಬೆ ಬಿಡು” ಅಂದಳು. ಮತ್ತೆ ಅದುಮಿದಳು. ಮತ್ತೆ “ಬಿಡು” ಅಂದಳು.

ಸಂಜೆ ಬಸ್ಸಿಗೆ ಊರಿಗೆ ಬಂದ ಕಲ್ಯಾಣಿ ಕಂಡದ್ದು ಅಮ್ಮನ ಬೆರಳ ತುಂಬ ಎದ್ದಿದ್ದ ನೀರುಗುಳ್ಳೆ.

“ಏನಮ್ಮ ಇದು? ನಿನ್ ಕೈ ಸುಡೋದು ಅಂದ್ರೇನು?”

ಮುನಿಶಾಮಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ಹೊದಿಕೆ ಮೈಗೆ ತಾಗಿದರೂ ಉರಿ ಅಂತ ಅದನ್ನು ಕಾಲಲ್ಲಿ ತಳ್ಳಿದ್ದಳು. ತಿರುಗದೆಯೇ ಅಂದಳು: “ನನ್ ಬೆರಳು ಸುಳ್ಳು ಹೇಳ್ತು ಕಣೇ. ನೀರು ತಣ್ಣಗಿದ್ರೂ ಸುಡುತ್ತೆ ಅಂತು. ಅದಕ್ಕೇ ನಾನೂ ಸುಳ್ಳು ಹೇಳ್ದೆ. ನಾಲ್ಕರ ತನಕ ಅದುಮಿ ಇಟ್ಕೊಂಡೆ. ನಾಟಕ ಆಡ್ತಿದ್ದೀನಿ ಅಂದ್ಕೊಂಡವ್ರೆ ಎಲ್ಲ. ಇರಬಹುದೇನೋ. ನಂಗೂ ಗೊತ್ತಾಗ್ತಿಲ್ಲ. ನೀರೇ ತಿಳೀದಿದ್ರೆ ನಾನು ಅಲ್ಲಿ ಯಾತಕ್ಕೆ ಹೇಳು?”

ಅವಳ ದನಿಯಲ್ಲಿ ಅಳುವಿರಲಿಲ್ಲ. ಅಳುವಿದ್ದಿದ್ದರೆ ಕಲ್ಯಾಣಿಗೆ ಸುಲಭವಾಗುತ್ತಿತ್ತು.

“ಮೊದಲನೇ ದಿನ ಎಷ್ಟಕ್ಕೆ ಎದ್ದಿತ್ತಮ್ಮ?”

“ಒಕಟಿಗೆ.”

“ಯಾವಾಗ್ಲೂ ನಾಲ್ಕು. ಜ್ವರ ಬಂದ್ಮೇಲೆ ಒಂದು.”

“ಹೂಂ.”

ಕಲ್ಯಾಣಿ ಚೀಲದಿಂದ ಡೈರಿ ತೆಗೆದಳು. ಅದರಲ್ಲಿ ಅವಳ ಒಳಗಿನ ಮಾತುಗಳ ನಡುವೆ, ಲ್ಯಾಬಿನ ಅಂಕಿಗಳೂ ಅಲ್ಲಲ್ಲಿ ಇದ್ದವು. ಹೋದ ತಿಂಗಳ ಒಂದು ಪುಟದಲ್ಲಿ ಬರೆದುಕೊಂಡಿದ್ದಳು: ಆರೋಗ್ಯವಾಗಿರುವ ಇಲಿ, ಎಂಟು ಸೆಕೆಂಡು. ಕಾಯಿಲೆ ಬರಿಸಿದ ಇಲಿ, ನಾಲ್ಕು. ಅದೇ ನೀರು, ಅದೇ ಬಿಸಿ.

ಓದುತ್ತ ಓದುತ್ತ ಅವಳಿಗೆ ಹೊಳೆಯಿತು. ಬೆಂಗಳೂರಿನಲ್ಲಿ ಲ್ಯಾಬಿನ ಮೇಡಂ ಕಲಿಸಿಕೊಟ್ಟ ಪರೀಕ್ಷೆಯನ್ನು ತನ್ನ ತಾಯಿ ತಾನು ಹುಟ್ಟುವ ಮೊದಲಿನಿಂದ ದಿನಾ ಬೆಳಗ್ಗೆ ಮಾಡುತ್ತಿದ್ದಾಳೆ. ಬಾಲದ ಬದಲು ಬೆರಳು, ಗಡಿಯಾರದ ಬದಲು ಒಕಟಿ ರೆಂಡು. ಎತ್ತಬಾರದು, ಅದೇ ಏಳಬೇಕು: ಲ್ಯಾಬಿನ ನಿಯಮವೂ ಅದೇ ಅಲ್ಲವೇ? ಇಲಿ ಬೇಕಂತ ಬಾಲ ಎಳೆದುಕೊಳ್ಳುವುದಿಲ್ಲ. ಬೆನ್ನುಹುರಿ ಎಳೆದುಕೊಳ್ಳುತ್ತದೆ.

“ಅಮ್ಮ,” ಅಂದಳು, “ನಿನ್ ಬೆರಳು ಸುಳ್ಳು ಹೇಳಿಲ್ಲ.”

ಆಮೇಲೆ ಅವಳು ಹೇಳಿದ್ದು ಅವಳ ಜನ್ಮದಲ್ಲೇ ಒಂದೇ ಸಲಕ್ಕೆ ಆಡಿದ ಅತಿ ಹೆಚ್ಚು ಮಾತು. ಮೊದಲು ಇಲಿಯ ವಿಷಯ ಹೇಳಿದಳು. ಮುನಿಶಾಮಮ್ಮ ಈ ಕಡೆ ಹೊರಳಿ, “ಅಯ್ಯೋ, ಬಾಲಾನಾ?” ಅಂದಳು. ಇಷ್ಟು ಓದಿಸಿದ್ದು ಇದಕ್ಕಾ ಅನ್ನಲಿಲ್ಲ.

“ಬೆರಳಿಂದ ಒಂದು ನರ ಬೆನ್ನುಮೂಳೆ ತನಕ ಹೋಗುತ್ತಮ್ಮ. ಅಲ್ಲಿ ಅದು ಮುಗಿಯುತ್ತೆ, ಇನ್ನೊಂದು ನರ ಶುರುವಾಗುತ್ತೆ. ಮಧ್ಯ ಒಂದು ಸಂದಿ. ಸುಡುತ್ತಿದೆ ಅನ್ನೋ ಸುದ್ದಿ ಆ ಸಂದಿ ದಾಟೋಕೆ, ಮೊದಲನೇ ನರ ಗ್ಲುಟಮೇಟ್ ಅಂತ ಒಂದು ಪದಾರ್ಥ ಬಿಡುತ್ತೆ. ಆಚೆ ನರದಲ್ಲಿ ಅದಕ್ಕೇ ಅಂತ ಸಣ್ಣಸಣ್ಣ ಬಾಗಿಲು ಇರ್ತವೆ. ನಲ್ಲಪ್ಪನ ಹಬೆ ನಲ್ಲಿ ಇದ್ದಂಗೆ ಅಂದ್ಕೊ. ಆರೋಗ್ಯವಾಗಿದ್ದಾಗ ಅವು ಸ್ವಲ್ಪ ತೆರೀತವೆ, ಮುಚ್ಕೋತವೆ. ಕಾಯಿಲೆ ಬಂದಾಗ ಮಿದುಳಿಂದಾನೇ ಆ ಸಂದಿಗೆ ಅಪ್ಪಣೆ ಬರುತ್ತಂತೆ, ಜಾಸ್ತಿ ತೆಗೀರಿ ಅಂತ. ಆಗ ಅಷ್ಟೇ ಬಿಸಿ ಇದ್ರೂ ಸುದ್ದಿ ಮಾತ್ರ ದೊಡ್ಡದಾಗಿ ಹೋಗುತ್ತೆ.”

“ಯಾಕೆ? ಮೈಗೇನು ನನ್ ಮೇಲೆ ಹಗೆಯಾ?”

“ಮಲಕ್ಕೊಳ್ಳಲಿ ಅಂತ ಇರಬಹುದು ಅಂತಾರೆ. ಮಲಕ್ಕೊಂಡ್ರೆ ತಾನೆ ಮೈ ಕಾಯಿಲೆ ಜೊತೆ ಹೋರಾಡೋದು? ಸುಮ್ನೆ ಹೇಳಿದ್ರೆ ನಿನ್ನಂಥವ್ರು ಕೇಳಲ್ವಲ್ಲ.”

ಮುನಿಶಾಮಮ್ಮ ತನ್ನ ಗುಳ್ಳೆಯೆದ್ದ ಬೆರಳನ್ನು ಮುಖದ ಹತ್ತಿರ ಹಿಡಿದು, ಮೊದಲ ಸಲ ನೋಡುತ್ತಿರುವವಳ ಹಾಗೆ ನೋಡಿದಳು. “ಇಷ್ಟೆಲ್ಲ ಬೆನ್ನೊಳಗೆ ನಡೀತಿದ್ಯಾ? ನಾನು ಗೂಡು ಬಿಚ್ಕೊಂಡು ಕೂತಿರೋವಾಗ?”

“ಮೇಡಂ ಆ ಬಾಗಿಲಿಗೆ ಬೆಣೆ ಹೊಡೆಯೋ ಔಷಧಿ ಹಾಕಿ ನೋಡಿದ್ರಮ್ಮ. ಇಲಿಯ ಬೆನ್ನುಹುರಿ ಹತ್ರಕ್ಕೇ, ಸೂಜಿಮೊನೆಯಷ್ಟು. ಕಾಯಿಲೆ ಹಂಗೇ ಇತ್ತು. ಆದ್ರೆ ಬಾಲ ಮತ್ತೆ ಎಂಟು ಸೆಕೆಂಡು ನಿಲ್ತು. ನಾನೇ ಗಡಿಯಾರ ಹಿಡಿದಿದ್ದೆ.” ಅದನ್ನು ಹೇಳುವಾಗ ಅವಳಿಗೆ ಮತ್ತೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಐದು, ಆರು, ಏಳು ಅಂತ ಮುಳ್ಳು ಸರಿಯುತ್ತಿದ್ದಾಗ ಅವಳು ಬೆರಗಾಗಿದ್ದಳು. ಅಷ್ಟು ದೊಡ್ಡ ನೋವು ಅಷ್ಟು ಸಣ್ಣ ಬಾಗಿಲಲ್ಲಿ ಹಾದುಹೋಗುತ್ತದೆಯೇ ಅಂತ.

“ಹಂಗಾದ್ರೆ ನಂಗೂ ಒಂದ್ ಚೂರು ತಂದ್ಕೊಡೇ.”

ಕಲ್ಯಾಣಿಗೆ ಇದು ಬರುತ್ತದೆಂದು ಗೊತ್ತಿತ್ತು. “ಇಲ್ಲಮ್ಮ. ಅದು ಇಲಿಯ ಲೆಕ್ಕ. ಆ ಬಾಗಿಲುಗಳು ನೋವಿಗೆ ಮಾತ್ರ ಇರೋದಲ್ಲ, ನೆನಪಿಗೂ ಅವೇ, ಕಲಿಯೋಕೂ ಅವೇ. ಮೈಗೆಲ್ಲ ಹರಡೋ ಹಾಗೆ ಕೊಟ್ಟ ಇಲಿಗಳು ತಲೆ ತೂಗ್ತಾ, ಓಲಾಡ್ತಾ ತಿರುಗ್ತವೆ. ನಿನ್ನನ್ನ ಹಂಗೆ ನೋಡಕ್ಕೆ ನಂಗಾಗಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮಾಜಮ್ಮ ನಿಂತಿದ್ದಳು, ಕೈಯಲ್ಲಿ ಚೊಂಬು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಂದದ್ದಕ್ಕೆ ಮನಸ್ಸು ಚುಚ್ಚಿ ಸಾರು ತಂದಿದ್ದಳು, ಆದರೆ ಹಾಗಂತ ಒಪ್ಪಿಕೊಳ್ಳುವ ಪೈಕಿಯಲ್ಲ.

“ಅದೆಂಥದ್ದಮ್ಮ ಅದು, ಗುಟಮಟ?”

“ಗ್ಲುಟಮೇಟ್, ಅಮ್ಮಾಜಕ್ಕ. ಗೋಬಿ ಗಾಡಿಯವ್ರು ಟೇಸ್ಟಿಂಗ್ ಪೌಡರ್ ಅಂತ ಹಾಕ್ತಾರಲ್ಲ, ಅದರಲ್ಲಿರೋದೇ. ಹಣ್ಣಾದ ಟೊಮೆಟೊದಲ್ಲೂ ಇರುತ್ತೆ.”

ಅಮ್ಮಾಜಮ್ಮ ಚೊಂಬಿನೊಳಕ್ಕೆ ಇಣುಕಿ ನೋಡಿದಳು. “ಅಯ್ಯೋ ನನ್ ಕರ್ಮವೇ. ಟೊಮೆಟೊ ಸಾರು ತಂದಿದ್ದೀನಿ. ಇದನ್ನ ಕುಡಿಸಿ ಇವಳ ನೋವು ಜಾಸ್ತಿ ಮಾಡ್ತಿದ್ನಾ? ವಾಪಸ್ ತಗೊಂಡೋಗ್ತೀನಿ ಬಿಡು.”

“ತಿಂದಿದ್ದು ಆ ಸಂದಿಗೆ ಹೋಗಲ್ಲ ಅಕ್ಕ! ಅಲ್ಲಿರೋದನ್ನ ನರಾನೇ ಮಾಡ್ಕೊಳ್ಳುತ್ತೆ.”

“ಗ್ಯಾರಂಟಿನಾ?”

“ಗ್ಯಾರಂಟಿ.”

“ಕೊಡೇ ಇಲ್ಲಿ,” ಅಂತ ಮುನಿಶಾಮಮ್ಮ ಎಡಗೈ ಚಾಚಿದಳು. “ವಾರದಿಂದ ಗಂಜಿ ಕುಡ್ದು ನಾಲಿಗೆ ಸತ್ತೋಗಿದೆ. ನೋವು ಬಂದ್ರೆ ಬರ್ಲಿ.”

ಆದರೆ ಸಾರು ಕುಡಿದು ಚೊಂಬು ಇಡುವಾಗ ಅವಳು ಕೇಳಿದಳು: “ಇದೆಲ್ಲ ಸರಿ. ವೇಣಣ್ಣಂಗೆ ಯಾರು ಹೇಳ್ತಾರೆ?”

ಕಲ್ಯಾಣಿ ಡೈರಿ ಮುಚ್ಚಿದಳು. ಅಮ್ಮಾಜಮ್ಮ ಖಾಲಿ ಚೊಂಬು ಎತ್ತಿಕೊಂಡಳು. ಸೋಮವಾರ ನೀರು ನೋಡಬೇಕಾದವಳು ಅವಳೇ.

ಸೋಮವಾರ ಕಲ್ಯಾಣಿ ಬೆಂಗಳೂರಿನ ಬಸ್ಸು ಹತ್ತಲಿಲ್ಲ. ಅಮ್ಮನ ಹಿಂದೆ ಫಿಲೇಚರಿಗೆ ಹೋಗಿ, ಗೂಡಿನ ಚೀಲಗಳ ಪಕ್ಕ, ಯಾರ ಕಣ್ಣಿಗೂ ಬೀಳದ ಹಾಗೆ ನಿಂತಳು. ಒಳಗೆಲ್ಲ ಬೆಂದ ಹುಳುವಿನ ವಾಸನೆ, ಹಬೆ. ಮುನಿಶಾಮಮ್ಮ ಬಟ್ಟೆ ಸುತ್ತಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹದಿನಾಲ್ಕನೇ ಬೇಸಿನ್ನಿನ ಹತ್ತಿರ, ಅಂದರೆ ಕೊನೆಯಲ್ಲಿ, ಕೂತಳು.

ಅಮ್ಮಾಜಮ್ಮ ಮೊದಲನೇ ಬೇಸಿನ್ನಿಗೆ ಬಂದು, ದೊಡ್ಡ ಪೂಜೆಗೆ ಕೂತವಳ ಹಾಗೆ ಮುಖ ಮಾಡಿಕೊಂಡು, ಬೆರಳು ಬಿಟ್ಟಳು. “ಒಕಟಿ... ರೆಂ...” ಬೆರಳು ಎದ್ದಿತು. ತನ್ನ ಬೆರಳನ್ನು ತಾನೇ ನಂಬದೆ ನೋಡಿದಳು. ಮತ್ತೆ ಬಿಟ್ಟಳು. ರೆಂಡು.

“ಬಿಸಿ ಜಾಸ್ತಿ ಇದೆ,” ಅಂದಳು. “ನಲ್ಲಪ್ಪ, ತಗ್ಗಿಸು.”

ನಲ್ಲಪ್ಪ ನಲ್ಲಿಗೆ ಕೈ ಹಾಕಿದ. ಕಲ್ಯಾಣಿಗೆ ಥಟ್ಟನೆ ನೆನಪಾಯಿತು: ಮೂರು ವಾರದ ಹಿಂದೆ ಅಮ್ಮಾಜಕ್ಕನೂ ಜ್ವರದಲ್ಲಿ ಮಲಗಿದ್ದಳು. ಈಗ ತಗ್ಗಿಸಿದರೆ ಇವತ್ತೂ ಎಳೆ ಕಿತ್ತುಹೋಗುತ್ತದೆ, ಮತ್ತೊಬ್ಬಳು ಸುಳ್ಳಿಯಾಗುತ್ತಾಳೆ. ಮೌಖಿಕ ಪರೀಕ್ಷೆಯ ಆ ಅರ್ಧ ನಿಮಿಷ ಮತ್ತೆ ಬಂದು ಎದುರಿಗೆ ನಿಂತಿತು.

“ತಗ್ಗಿಸ್ಬೇಡಿ!”

ಹದಿನಾಲ್ಕು ತಲೆಗಳು ತಿರುಗಿದವು. ಆ ದನಿ ತನ್ನದೇ ಅಂತ ತಿಳಿಯಲು ಕಲ್ಯಾಣಿಗೂ ಒಂದು ಗಳಿಗೆ ಹಿಡಿಯಿತು.

“ವೇಣಣ್ಣ, ಒಂದ್ ಹತ್ತು ನಿಮಿಷ ಕೊಡಿ. ನೀರನ್ನ ಹಿಂಗೇ ಇಡಿ. ಎಲ್ಲರೂ ಬಂದು ಇದೇ ಬೇಸಿನ್ನಿಗೆ ಬೆರಳು ಇಡ್ಲಿ. ಎತ್ತಬಾರ್ದು, ಅದೇ ಏಳಬೇಕು. ನಾನು ಎಣಿಸ್ತೀನಿ.”

“ಏನಮ್ಮ ಇದು, ಸ್ಕೂಲಾ?” ಅಂದ ವೇಣುಗೋಪಾಲ. ಆದರೆ ಅವಳ ಮುಖದಲ್ಲಿ ಏನು ಕಂಡನೋ, ಕೈಕಟ್ಟಿ ನಿಂತ. “ಆಗ್ಲಿ. ಬರ್ರಮ್ಮ.”

ಕಲ್ಯಾಣಿ ಡೈರಿಯಲ್ಲಿ ಪುಟದ ಮಧ್ಯ ಗೀಟು ಎಳೆದಳು. ಈ ಕಡೆ ಜ್ವರ ಬಂದವರು, ಆ ಕಡೆ ಬರದವರು. ಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದಳು. ಮೊದಲು ಬಂದವಳು ರಾಧಾಮಣಿ. ಇಪ್ಪತ್ತು ವರ್ಷದಿಂದ ನೂಲು ಬಿಚ್ಚುವವಳು, ಈ ಸಲ ಜ್ವರ ಮುಟ್ಟಿರಲಿಲ್ಲ. ನಾಲ್ಕು. ಆಮೇಲೆ ಅನಸೂಯಮ್ಮ, ಹದಿನೈದು ದಿನ ಮಲಗಿ ಎದ್ದವಳು. ಒಂದು. ಅವಳು “ಅಮ್ಮಾ!” ಅಂತ ಬೆರಳು ಕೊಡವಿದಳು. ಯಾರೋ ಕಿಸಕ್ಕೆಂದರು. ಮುಂದಿನವಳು ಎರಡು, ಅವಳಿಗೂ ಜ್ವರವಾಗಿತ್ತು. ಅದರ ಮುಂದಿನವಳಿಗೆ ಆಗಿರಲಿಲ್ಲ, ನಾಲ್ಕು ದಾಟಿ ಐದರ ಹತ್ತಿರ.

ಆರನೆಯವಳ ಹೊತ್ತಿಗೆ ನಗು ನಿಂತಿತು. ಎಂಟನೆಯವಳ ಹೊತ್ತಿಗೆ ಬೆರಳಿಡುವ ಮೊದಲೇ “ನಿಂಗೆ ಬಂದಿತ್ತಾ?” ಅಂತ ಪಿಸುಗುಟ್ಟುತ್ತಿದ್ದರು, “ಬಂದಿತ್ತು” ಅಂದರೆ ಎಲ್ಲರ ಕಣ್ಣೂ ಬೆರಳಿನ ಮೇಲೆ. ಅದು ಎದ್ದಾಗ ಹಾ ಅಂತ ಒಂದು ಉಸಿರು, ಗರ್ಭಗುಡಿಯ ಬಾಗಿಲು ತೆಗೆದಾಗ ಹೊರಡುವಂಥದ್ದು. ಕೊನೆಗೆ ಮುನಿಶಾಮಮ್ಮ ಎಡಗೈ ಬೆರಳು ಇಟ್ಟಳು. ಒಂದು.

ಡೈರಿಯನ್ನು ಕಲ್ಯಾಣಿ ವೇಣುಗೋಪಾಲನ ಕೈಗೆ ಕೊಟ್ಟಳು. ಅದರಲ್ಲಿ ಯಾರಿಗೂ ತೋರಿಸದ ಎಷ್ಟೋ ಮಾತುಗಳಿದ್ದವು ಅನ್ನುವುದು ಕೊಟ್ಟ ಮೇಲೆ ಹೊಳೆಯಿತು. ಅವನು ನೋಡಿದ್ದು ಆ ಪುಟ ಮಾತ್ರ. ಈ ಕಡೆ ಒಂಬತ್ತು ಜನ, ಎಲ್ಲರೂ ಒಂದು, ಎರಡು. ಆ ಕಡೆ ಐದು ಜನ, ಎಲ್ಲರೂ ನಾಲ್ಕರ ಆಸುಪಾಸು.

“ನೀರು ಒಂದೇ,” ಅಂದ ಅವನು, ತನ್ನಷ್ಟಕ್ಕೆ.

“ನೀರು ಒಂದೇ, ವೇಣಣ್ಣ. ಇವತ್ತು ಸರಿಯಾಗೇ ಇದೆ. ಅಮ್ಮನ ಬೆರಳು ನೀರಿನ ಮಾತನ್ನೇ ಹೇಳ್ತಿತ್ತು. ಅದರ ಜೊತೆ ಕಾಯಿಲೆ ಮಾತೂ ಸೇರ್ಕೊಂಡಿತ್ತು. ಅದನ್ನ ಬಿಡಿಸಿ ಕೇಳೋದು ನಮಗೆ ಗೊತ್ತಾಗ್ಲಿಲ್ಲ.”

ಅನಸೂಯಮ್ಮ ತನ್ನ ಬೆರಳನ್ನು ಇನ್ನೊಂದು ಕೈಯಲ್ಲಿ ಮೆತ್ತಗೆ ಹಿಡಿದುಕೊಂಡಿದ್ದಳು. “ನೀರೆರ್ಕೊಳ್ಳೋವಾಗ ಸುಡುತ್ತೆ ಅಂದ್ರೆ ನನ್ನ ಗಂಡ, ನಾಟಕ ಮಾಡ್ತೀಯ ಅಂದ,” ಅಂದಳು. “ನಮ್ಮತ್ತೆನೂ,” ಅಂದಳು ಇನ್ನೊಬ್ಬಳು. ಅಮ್ಮಾಜಮ್ಮ ಮೊದಲನೇ ಬೇಸಿನ್ನಿನ ಮುಂದಿಂದ ಎದ್ದಳು. “ನಾನೂ ಅಂದಿದ್ದೆ,” ಅಂದಳು. ನೇರ ಹೋಗಿ ಮುನಿಶಾಮಮ್ಮನನ್ನು ರಟ್ಟೆ ಹಿಡಿದು ಎಬ್ಬಿಸಿದಳು. “ಏಳೇ. ಇಲ್ಲ್ಯಾಕೆ ಕೂತಿದ್ಯ, ಹೊಸಬಳ ಥರ?”

ನೀರು ನೋಡುವುದು ಸದ್ಯಕ್ಕೆ ರಾಧಾಮಣಿ ಪಾಲಿಗೆ ಬಂತು. ಮುನಿಶಾಮಮ್ಮನ ಜಾಗ ಮುನಿಶಾಮಮ್ಮನದೇ, ಆದರೆ ಮಲಗಿ ಮೈ ಸರಿಮಾಡಿಕೊಂಡು ಬರಬೇಕು ಅಂದ ವೇಣುಗೋಪಾಲ. “ಎಷ್ಟು ದಿನ?” ಅಂತ ಕೇಳಿದಳು ಅವಳು. ಎಲ್ಲರೂ ಕಲ್ಯಾಣಿಯ ಮುಖ ನೋಡಿದರು. ಇಲಿಗೆ ಕೆಲವು ಗಂಟೆ. ಮನುಷ್ಯರಿಗೆ, ಈ ಜ್ವರಕ್ಕೆ?

“ಗೊತ್ತಿಲ್ಲಮ್ಮ,” ಅಂದಳು. ಮತ್ತೆ ನಾಲ್ಕಕ್ಕೆ ಬಂದೇ ಬರುತ್ತದೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಡೈರಿಯಲ್ಲಿ ಮಾತ್ರ ಬರೆದಳು.

ಅಂದಿನಿಂದ ಮುನಿಶಾಮಮ್ಮ ದಿನಾ ಏಳಕ್ಕೆ ಬಂದು, ರಾಧಾಮಣಿಯ ಬೆರಳು ನಾಲ್ಕಕ್ಕೆ ಎದ್ದ ನೀರಿಗೆ ಎಡಗೈ ಬೆರಳು ಬಿಟ್ಟು, ಮನೆಗೆ ಹೋಗಿ ಮಲಗುತ್ತಿದ್ದಳು. ಮೂವತ್ತು ವರ್ಷದಲ್ಲಿ ಹಗಲು ಮಲಗಿ ಗೊತ್ತಿಲ್ಲದವಳು. ಸಂಜೆ ಅಮ್ಮಾಜಮ್ಮನ ಹೊಸ ಮೊಬೈಲಿಗೆ ಕಲ್ಯಾಣಿಯ ಫೋನು.

“ಇವತ್ತೆಷ್ಟು ಅಕ್ಕ?”

“ಒಂದೂವರೆ. ಅರ್ಧ ನಾನೇ ಸೇರಿಸ್ದೆ, ನಿಂಗೆ ಖುಷಿಯಾಗ್ಲಿ ಅಂತ.”

“ಅಕ್ಕಾ!”

“ಸರಿ, ಒಂದು. ಬರ್ಕೋ.”

ಎಣಿಕೆ ಆರು ದಿನ ಒಂದರಲ್ಲೇ ನಿಂತಿತ್ತು. ಎರಡಕ್ಕೆ ಬಂದು, ಒಂದು ಮಳೆಯ ದಿನ ಮತ್ತೆ ಒಂದಕ್ಕೆ ಇಳಿಯಿತು. ಅವತ್ತು ಕಲ್ಯಾಣಿ ಲ್ಯಾಬಿನಲ್ಲಿ ಊಟ ಬಿಟ್ಟಳು. ಆಮೇಲೆ ಎರಡು, ಎರಡು, ಮೂರು. ಮಧ್ಯಾಹ್ನಗಳಲ್ಲಿ ಅವಳು ಇಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಬಾಲ ಇಳಿಬಿಡುವಾಗ ಗಡಿಯಾರ ನೋಡುತ್ತಿದ್ದರೂ ಬಾಯಲ್ಲಿ ಒಕಟಿ, ರೆಂಡು ಅಂತ ಬರುತ್ತಿತ್ತು. ಬಾಲ ಎದ್ದೊಡನೆ ಒರೆಸಿ, ತಣ್ಣನೆ ಬಟ್ಟೆ ಸುತ್ತಿ ಬಿಡುವುದು ಅವಳು ಹೊಸದಾಗಿ ಕಲಿತದ್ದು. ಯಾರೂ ಹೇಳಿಕೊಟ್ಟದ್ದಲ್ಲ.

ಇಪ್ಪತ್ತಾರನೇ ದಿನ ಅವಳು ಊರಲ್ಲಿದ್ದಳು. ಬಲಗೈ ಬೆರಳು ಮಾಗಿ, ಹೊಸ ಚರ್ಮ ಎಳೆಗೂಸಿನ ಹಾಗೆ ಕೆಂಪಗಿತ್ತು. ಮುನಿಶಾಮಮ್ಮ ಅವತ್ತು ಎಡಗೈ ಬೇಡ ಅಂದಳು. ಬಲಗೈಯನ್ನೇ ಬಿಟ್ಟು ಕಣ್ಣು ಮುಚ್ಚಿದಳು. ಬಾಯ್ಲರಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ.

“ಒಕಟಿ.”

ಅಮ್ಮಾಜಮ್ಮ ತುಟಿಯಲ್ಲೇ ಜೊತೆಗೆ ಎಣಿಸುತ್ತಿದ್ದಳು.

“ರೆಂಡು. ಮೂಡು.”

ಬೆರಳು ಅಲುಗಲಿಲ್ಲ. ಅಮ್ಮ ಅದುಮಿ ಹಿಡಿದಿದ್ದಾಳೇನೋ ಅಂತ ಕಲ್ಯಾಣಿ ಅವಳ ದವಡೆ ನೋಡಿದಳು. ಹಲ್ಲು ಕಚ್ಚಿರಲಿಲ್ಲ. ಮುಖ ನಿದ್ದೆಯಲ್ಲಿರುವವರ ಮುಖದಷ್ಟು ಸಡಿಲವಾಗಿತ್ತು.

“ನಾಲು—”

ಬೆರಳು ಎದ್ದಿತು. ಹನಿ ಬೇಸಿನ್ನಿಗೆ ತೊಟ್ಟಿಕ್ಕಿತು. ಮುನಿಶಾಮಮ್ಮ ಕಣ್ಣು ಬಿಟ್ಟು ಬೆರಳನ್ನು ನೋಡಿಕೊಂಡು, ಇನ್ನೊಂದು ಕೈಯಿಂದ ಬೆನ್ನಿನ ನಡುವೆ, ಕೈಗೆ ಎಟುಕುವಷ್ಟು ದೂರ, ಒಂದು ಸಲ ಸವರಿಕೊಂಡಳು. ಒಳಗೆ ಯಾರೋ ಬಾಗಿಲು ಹಾಕಿದ್ದಕ್ಕೆ ಭೇಷ್ ಅನ್ನುವ ಹಾಗೆ.

“ರಾಧಾಮಣಿ, ನೀನೂ ಒಂದ್ಸಲ ಇಡು,” ಅಂದಳು ಆಮೇಲೆ. “ಇನ್ಮೇಲೆ ದಿನಾ ಇಬ್ರ ಬೆರಳು. ಮೊದ್ಲು ನಾವ್ ಹೆಂಗಿದ್ದೀವಿ ಅಂತ ತಿಳ್ಕೊಂಡು, ಆಮೇಲೆ ನೀರು.”

ರಾಧಾಮಣಿಗೂ ನಾಲ್ಕು ಬಂತು. “ನಲ್ಲಪ್ಪ, ನಲ್ಲಿ ಅಲ್ಲೇ ಇರ್ಲಿ,” ಅಂದಳು ಮುನಿಶಾಮಮ್ಮ.

ಹೆಂಗಸರು ಗೂಡಿಗೆ ಕೈಹಾಕಿದರು. ಹದಿನಾಲ್ಕು ಬೇಸಿನ್ನಿನಿಂದ ಎಳೆಗಳು ಮೇಲೆದ್ದವು. ಬಾಗಿಲ ಬಿಸಿಲು ಬಿದ್ದಲ್ಲಿ ಮಾತ್ರ ಕಾಣುವಷ್ಟು ಸಣ್ಣ, ಆದರೆ ಒಂದೂ ಕಿತ್ತುಹೋಗಲಿಲ್ಲ. ಕಲ್ಯಾಣಿ ನೋಡುತ್ತ ನಿಂತೇ ಇದ್ದಳು. ಅಮ್ಮ ತಲೆ ಎತ್ತದೆ ಕೇಳಿದಳು:

“ಆ ನಿನ್ ಇಲಿಗೆ ಎಷ್ಟು ಅಂದೆ, ಚೆನ್ನಾಗಿದ್ದಾಗ?”

“ಎಂಟು.”

“ಎಂಟಾ!” ಅಂದಳು ಮುನಿಶಾಮಮ್ಮ, ಎಳೆ ಸೇರಿಸುತ್ತಾ. “ನಿಮ್ ನೀರು ತಣ್ಣಗಿದೆ ಕಣೇ. ಹೋಗಿ ನಿಮ್ ಮೇಡಂಗೆ ಹೇಳು.”